ಕನಗನಹಳ್ಳಿಯಾಗ ಕಾವಲು

ನನ್ನ ಕೈಯಾಗ ಇನ್ನೂ ಒಂದು ಕೋಲು ಅದ.
ಮೂವತ್ತೊಂದು ವರ್ಷ ಸರಕಾರದ್ದಿತ್ತು, ಈಗಿಂದು ಬೇವಿಂದು.
ಕಲ್ಲು ಕಾಯೂ ಕೆಲಸ, ದಿನಗೂಲಿ.
ಆಡು ಒಳಗ ಬರಬಾರದು,
ಹುಡುಗರು ಮೊಳೆ ತಗೊಂಡು ಹೆಸರು ಗೀಚಬಾರದು.
ಅಷ್ಟಕ್ಕ ಕೋಲು.

ಬಿದ್ದ ಸ್ತೂಪದ ಹಲಗಿ ಸಾಲಾಗಿ ಮಲಗ್ಯಾವ,
ಪಂಚನಾಮೆಗೆ ಕಾಯ್ದಂಗ.
ಒಂದರ ಮ್ಯಾಲ ರಾಜ ನಿಂತಾನ, ಮಗ್ಗಲಕ ರಾಣಿ,
ಹಿಂದ ಒಬ್ಬಾಕಿ ಛತ್ರಿ ಹಿಡದಾಳ.
ಬಂದವರೆಲ್ಲ ರಾಜನ ಫೋಟೋ ತಕ್ಕೊಂತಾರ.
ನಾ ಛತ್ರಿ ಹಿಡದಾಕಿ ತೋಳು ನೋಡ್ತೀನಿ.
ಎರಡು ಸಾವಿರ ವರ್ಷ. ಕೈ ಇಳಿಸಿಲ್ಲ.
ಡ್ಯೂಟಿ ಅಂದ್ರ ಏನಂತ ನನಗ ಗೊತ್ತದ.

ಅಪ್ಪನ ಬೆನ್ನಿನ ಮ್ಯಾಲ ಗೌಡರ ಬಾರಕೋಲಿನ ಬಾಸುಂಡಿ ಇದ್ವು,
ಎಣಸಲಾಕ ಕಲಿತಿದ್ದು ಅದರ ಮ್ಯಾಲೇ.
ಅದಕ್ಕ ಪೊಲೀಸ ಆದೆ.
ಅದಕ್ಕs ಬುದ್ಧನ ಹತ್ರನೂ ಹೋದೆ.
ಒಂದ ಬೆನ್ನಿಂದ ಹೊಂಟ ಎರಡು ದಾರಿ.

ದೀಕ್ಷಾ ಆದ ದಿನ ಬಿಳಿ ಅಂಗಿ.
ಭಂತೇಜಿ ಹೇಳಿಕೊಟ್ಟರು, ನಾವು ಅಂದೆವು:
ಪಾಣಾತಿಪಾತಾ ವೇರಮಣೀ...
ನೀಲವ್ವ ನನಕ್ಕಿಂತ ಜೋರಾಗಿ ಅಂದಳು.
ರಾತ್ರಿ ಒಂಬತ್ತಕ್ಕ ಖಾಕಿ.

ಲಾಕಪ್ಪಿನಾಗ ಒಬ್ಬ ಹುಡುಗ, ದುಂಡಪ್ಪ,
ಪರಸಿ ಕಡಿಯಾಂವ, ಮೀಸಿ ಇನ್ನೂ ಮೂಡಿರಲಿಲ್ಲ.
ಹನ್ನೆರಡು ಚೀಲ ಸಿಮೆಂಟು ಕಳುವು.
ಸಾಹೇಬರು ಚಹಾ ಕುಡಕೋಂತ ಅಂದರು: 'ಕೇಳ್ರಿ ಅವನ್ನ.'
ನಾ ಕೇಳಿದೆ.
ನಮ್ಮಲ್ಲಿ ಕೇಳೂದಂದ್ರ ಏನಂತ ನಿಮಗ ಗೊತ್ತs ಅದ.
ಬಲಗೈ ಅಡ್ಡ ಒಡ್ಡಿದ.
ಜ್ವಾಳದ ದಂಟು ಮುರದಂಥಾ ಸಪ್ಪಳ, ಹಸೀ ದಂಟು,
ಒಮ್ಮೆಲೆ ಮುರಿಯೂದಿಲ್ಲಲ್ಲ, ಅಂಥಾದು.
ಎಂಟು ದಿನದ ಮ್ಯಾಲ ಗೊತ್ತಾತು:
ಚೀಲ ಗೋದಾಮಿನಾಗs ಇದ್ವು, ಎಣಿಕಿ ತಪ್ಪಿತ್ತು.

ಹೋದ ಮಳಿಗಾಲ ಒಬ್ಬ ಪ್ರೊಫೆಸರು ಬಂದಿದ್ದರು,
ಸನ್ನತಿ ಶಾಸನ ನೋಡಿಕೊಂಡು, ಮೊಣಕಾಲತನಕ ರಾಡಿ.
ಅಂದರು: ಕೊಂದದ್ದಕ್ಕ ರಾಜ ಮರುಗಿದ ಮಾತು ಬ್ಯಾರೆ ಕಡಿ ಅದ,
ಇಲ್ಲಿ ಸಿಕ್ಕ ಕಲ್ಲಿನಾಗ ಅದು ಕಾಣೂದಿಲ್ಲ.
ಇಲ್ಲಿರೂದು ಅಧಿಕಾರಿಗಳಿಗೆ ಅಪ್ಪಣಿ:
ಯಾರನ್ನೂ ಸುಮ್ಮನs ಕಟ್ಟಬ್ಯಾಡ್ರಿ, ಸುಮ್ಮನs ಹಿಂಸಾ ಕೊಡಬ್ಯಾಡ್ರಿ.
ನನ್ನ ಕಿವಿ ಬಿಸಿ ಆದ್ವು.
ಅದು ರಾಜರಿಗಲ್ಲ. ನನಗ ಬರದಿದ್ದು.
ಮುಂದ ಯಾರೋ ಆ ಕಲ್ಲಿನ ನಟ್ಟನಡುವ ತೂತು ಕೊರದು
ಕಾಳಮ್ಮನ ನಿಲ್ಲಿಸಿದರಂತ.
ಅಕ್ಷರದಾಗ ತೂತು. ತೂತಿನಾಗ ತಾಯಿ. ತಾಯಿ ಕೈಯಾಗ ಕತ್ತಿ.
ನಾ ಯಾರನ್ನ ಬಯ್ಯಲಿ?

ಬರ್ಮಾದಾಗ ಚೀವರ ಉಟ್ಟವರೇ ಮಂದೀನ ಎತ್ತಿಕಟ್ಟಿದರಂತ,
ಮನಿಗಳು ಸುಟ್ವಂತ.
ಸುದ್ದಿ ಬಂದಾಗ ನೀಲವ್ವ ಟಿವಿ ಬಂದ್ ಮಾಡಿದಳು,
ಮೂರ್ತಿ ಮುಂದಿನ ಹೂ ಒಮ್ಮೆ ಸರಿಮಾಡಿದಳು,
ಇನ್ನೊಮ್ಮೆ ಸರಿಮಾಡಿದಳು.

ಮೊನ್ನಿ ಹಾದಿಗೆ ಪರಸಿ ಹಾಕಲಾಕ ಮಂದಿ ಬಂದರು.
ಅವರಾಗ ನೆರತ ತಲಿಯಾಂವ ಒಬ್ಬ ನೀರು ಕೇಳಿದ.
ಬಾಟ್ಲಿ ಕೊಟ್ಟೆ. ಎಡಗೈಲೆ ಇಸಗೊಂಡ.
ಎಡಗೈಲೇ ಕುಡದ. ಮೂತಿ ಒರಸಿಕೊಂಡ.
'ರಿಟೈರ್ ಆದ್ರೇನ್ರಿ ಸಾಹೇಬ್ರ?'

ಭೀಮಾ ಕಡಿಂದ ಗಾಳಿ ಇರಲಿಲ್ಲ.
ಒಂದು ಮಾತು ತಯಾರಿತ್ತು ನನ್ನ ಹತ್ರ, ಇಪ್ಪತ್ತೈದು ವರ್ಷದ್ದು,
ರಾತ್ರಿಯೆಲ್ಲ ತಿಕ್ಕಿ ತಿಕ್ಕಿ ನುಣ್ಣಗ ಮಾಡಿದ್ದು.
ಅಷ್ಟರಾಗ ತಂತಿ ಹಾರಿ ಎರಡು ಆಡು ಒಳಗ ನುಗ್ಗಿದ್ವು,
ರಾಜನ ಹಲಗಿ ಮ್ಯಾಲ ಕಾಲಿಟ್ವು.
ರೂಢಿ ನೋಡ್ರಿ. ಕೈ ತಾನೇ ಮ್ಯಾಲ ಎದ್ದಿತು,
ಕೋಲಿನ ಸಮೇತ.
ದುಂಡಪ್ಪ ಬಲಗೈ ಮುಖಕ್ಕ ಅಡ್ಡ ಹಿಡದ.
ಅದು ಪೂರಾ ಮ್ಯಾಲ ಬರಲಿಲ್ಲ.

ಆಡು ತಾವಾಗೇ ಹೋದ್ವು.
ಅಂವ ಬಾಟ್ಲಿ ಮುಚ್ಚಳ ಹಲ್ಲಿಲೆ ಬಿಗಿ ಮಾಡಿ
ಕಟ್ಟಿ ಮ್ಯಾಲ ಇಟ್ಟು, ಕೆಲಸಕ್ಕ ಹೋದ.